ಊರಿಗೆ ಊರೇ ಕೈಯಲ್ಲಿ ಮಾತಾಡಿದಾಗ

ಅಲೆಗ್ಸಾಂಡರ್ ಗ್ರಹಾಂ ಬೆಲ್ ಎಂಬ ಹೆಸರನ್ನು ಕೇಳದವರು ಕಡಿಮೆ. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದಾತ. ಆದರೆ ಆತನ ಮೂಲ ಕಸುಬು ಕಿವುಡ ಮಕ್ಕಳಿಗೆ ಮಾತು ಕಲಿಸುವುದಾಗಿತ್ತು ಎಂಬುದು ಅನೇಕರಿಗೆ ತಿಳಿದಿಲ್ಲ. ಆತನ ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪತ್ನಿ ಮೇಬಲ್ ಎಳವೆಯಲ್ಲೇ ಜ್ವರಕ್ಕೆ ಸಿಕ್ಕಿ ಶ್ರವಣಶಕ್ತಿ ಕಳೆದುಕೊಂಡಿದ್ದಳು. ಕಿವುಡುತನ ಆತನ ಮನೆಯೊಳಗಿನ ಸಂಗತಿಯೇ ಆಗಿತ್ತು. 1880ರ ದಶಕದಲ್ಲಿ ಈ ಬೆಲ್ ಒಂದು ಒಗಟಿನ ಬೆನ್ನು ಹತ್ತಿದ. ಅಮೆರಿಕದ ಮೆಸಾಚುಸೆಟ್ಸ್ ಕರಾವಳಿಯಾಚೆಗಿನ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ಹುಟ್ಟುಕಿವುಡರ ಸಂಖ್ಯೆ ಯಾಕೆ ಅಷ್ಟೊಂದು ಹೆಚ್ಚು?

ಆ ದ್ವೀಪದ ಕುಟುಂಬಗಳ ವಂಶಾವಳಿಯನ್ನು ಆತ ವರ್ಷಗಟ್ಟಲೆ ಜಾಲಾಡಿದ. ಕೆಲವು ಮನೆಗಳಲ್ಲಿ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳಿಸುತ್ತಿತ್ತು, ಮಕ್ಕಳಲ್ಲಿ ಮಾತ್ರ ಒಬ್ಬಿಬ್ಬರು ಕಿವುಡರು. ಇನ್ನು ಕೆಲವೆಡೆ ತಂದೆ ಕಿವುಡ, ಮಕ್ಕಳೆಲ್ಲ ಕೇಳಬಲ್ಲವರು. ಲೆಕ್ಕ ಕೂಡಲಿಲ್ಲ. ಈ ಲೆಕ್ಕದ ಕೀಲಿಕೈ 1866ರಲ್ಲೇ ಗ್ರೆಗರ್ ಮೆಂಡಲ್ ಎಂಬ ಪಾದ್ರಿಯ ಬರಹದಲ್ಲಿ ಅಚ್ಚಾಗಿತ್ತು. ಆದರೆ ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಬೆಲ್ ಉತ್ತರ ಕಾಣದೆ ಕೈಬಿಟ್ಟ. ಆದರೆ ಕೈಬಿಡುವ ಮೊದಲೇ, 1883ರಲ್ಲಿ, ಆತ ಒಂದು ಪ್ರಬಂಧ ಮಂಡಿಸಿದ್ದ. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಮನುಕುಲದಲ್ಲಿ ಕಿವುಡರದ್ದೇ ಒಂದು ತಳಿ ಹುಟ್ಟೀತು ಎಂಬ ಎಚ್ಚರಿಕೆ ಅದರಲ್ಲಿತ್ತು. ಆತ ಸೂಚಿಸಿದ ಮದ್ದು ಹೀಗಿತ್ತು: ಕಿವುಡರ ವಸತಿ ಶಾಲೆಗಳು ಬೇಡ, ಕಿವುಡ ಶಿಕ್ಷಕರು ಬೇಡ, ಸನ್ನೆ ಭಾಷೆ ಬೇಡ.

ಇಲ್ಲೊಂದು ವಿಪರ್ಯಾಸವಿದೆ. ಬೆಲ್ ಯಾವ ದ್ವೀಪವನ್ನು ಒಂದು ಸಮಸ್ಯೆಯಾಗಿ ಕಂಡನೋ ಆ ದ್ವೀಪದ ಜನ ಅದೇ ಸಮಸ್ಯೆಯನ್ನು ಬಹಳ ಹಿಂದೆಯೇ ಪರಿಹರಿಸಿಕೊಂಡಿದ್ದರು.

ಚಿಲ್‌ಮಾರ್ಕಿನ ಬೆಸ್ತರು

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಿಂದ ವಲಸೆ ಬಂದ ಕೆಲವು ಕುಟುಂಬಗಳು 17ನೇ ಶತಮಾನದಲ್ಲಿ ಈ ದ್ವೀಪ ಸೇರಿದವು. ಅವರ ರಕ್ತದಲ್ಲಿ ಕಿವುಡುತನದ ಒಂದು ವಂಶವಾಹಿ ಗುಪ್ತವಾಗಿ ಬಂದಿತ್ತು. ದ್ವೀಪದ ಮೊದಲ ಕಿವುಡನೆಂದು ದಾಖಲೆಯಲ್ಲಿರುವ ಜೊನಾಥನ್ ಲ್ಯಾಂಬರ್ಟ್ 1690ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿದ. ದ್ವೀಪವೆಂದ ಮೇಲೆ ಕೊಟ್ಟು ತರುವ ಸಂಬಂಧಗಳೂ ಅಲ್ಲಲ್ಲಿಯೇ. ತಲೆಮಾರು ಕಳೆದಂತೆ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರಾದರು. ಗಂಡು ಹೆಣ್ಣು ಇಬ್ಬರಲ್ಲೂ ಆ ವಂಶವಾಹಿಯ ಒಂದೊಂದು ಪ್ರತಿ ಇದ್ದರೆ ಅವರಿಗೇನೂ ಆಗದು. ಆದರೆ ಹುಟ್ಟುವ ಪ್ರತಿ ಮಗುವೂ ಕಿವುಡಾಗುವ ಸಂಭವ ನಾಲ್ಕರಲ್ಲಿ ಒಂದು. 19ನೇ ಶತಮಾನದಲ್ಲಿ ಇಡೀ ಅಮೆರಿಕದಲ್ಲಿ ಹುಟ್ಟುಕಿವುಡರು ಸುಮಾರು 5,700ಕ್ಕೆ ಒಬ್ಬರಿದ್ದರೆ ಈ ದ್ವೀಪದಲ್ಲಿ 155ಕ್ಕೆ ಒಬ್ಬರು. ದ್ವೀಪದ ಚಿಲ್‌ಮಾರ್ಕ್ ಎಂಬ ಊರಲ್ಲಂತೂ 25ಕ್ಕೆ ಒಬ್ಬರು.

ಊರಿನವರು ಮಾಡಿದ್ದೇನು? ಅವರು ಸಭೆ ಸೇರಿ ಠರಾವು ಮಾಡಲಿಲ್ಲ, ಸಂಘ ಕಟ್ಟಲಿಲ್ಲ. ಎಲ್ಲರೂ ಸನ್ನೆಯಲ್ಲಿ ಮಾತಾಡುವುದನ್ನು ಕಲಿತುಬಿಟ್ಟರು, ಅಷ್ಟೆ. ಮಾನವಶಾಸ್ತ್ರಜ್ಞೆ ನೋರಾ ಎಲೆನ್ ಗ್ರೋಸ್ ದ್ವೀಪದ ವೃದ್ಧರನ್ನು ಮಾತನಾಡಿಸಿ ಈ ಚರಿತ್ರೆಯನ್ನು ಬರೆದರು. ಆ ಪುಸ್ತಕ ಬಂದದ್ದು 1985ರಲ್ಲಿ. ದೋಣಿಯಿಂದ ದೋಣಿಗೆ ಕೂಗು ಕೇಳಿಸದಷ್ಟು ದೂರದಲ್ಲಿರುವಾಗ, ಕೇಳಬಲ್ಲ ಬೆಸ್ತರೂ ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮಕ್ಕಳು ಮೇಷ್ಟ್ರ ಬೆನ್ನ ಹಿಂದೆ ಅದೇ ಭಾಷೆಯಲ್ಲಿ ತುಂಟತನ ಮಾಡುತ್ತಿದ್ದರು. ಅಂಗಡಿ ಜಗಲಿಯ ಹರಟೆಯಲ್ಲಿ ಕಿವುಡನೊಬ್ಬ ಬಂದು ಕೂತರೆ ಬಾಯಿಯ ಮಾತು ತಾನಾಗಿ ಕೈಗಿಳಿಯುತ್ತಿತ್ತು. ಕಿವುಡರು ಊರಿನ ಹುದ್ದೆಗಳನ್ನು ನಿಭಾಯಿಸಿದರು, ಆಸ್ತಿ ಮಾಡಿದರು. ಬೇರೆ ಕಡೆ ಕಿವುಡರು ಹೆಚ್ಚಾಗಿ ಕಿವುಡರನ್ನೇ ಮದುವೆಯಾದರೆ ಇಲ್ಲಿ ಅವರಲ್ಲಿ ಹೆಚ್ಚಿನವರು ಮದುವೆಯಾದದ್ದು ಕೇಳಬಲ್ಲವರನ್ನು.

ಗ್ರೋಸ್ ಅವರು ಊರಿನ ಅಂಗವಿಕಲರ ಬಗ್ಗೆ ವಿಚಾರಿಸಿದಾಗ ಮುದುಕರಿಗೆ ಕಿವುಡರ ನೆನಪೇ ಆಗುತ್ತಿರಲಿಲ್ಲವಂತೆ. ಇಂಥವನು ಒಳ್ಳೆಯ ಬೆಸ್ತ, ಇಂಥವಳು ಒಳ್ಳೆಯ ನೇಕಾರ್ತಿ ಎಂದು ವರ್ಣಿಸಿದ ಮೇಲೆ, ಪ್ರಶ್ನೆ ಕೇಳಿದರೆ ಮಾತ್ರ, ಹೌದು, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದು ನೆನಪಿಸಿಕೊಳ್ಳುತ್ತಿದ್ದರು. ಕಿವುಡುತನವು ಅಲ್ಲಿ ಒಬ್ಬ ವ್ಯಕ್ತಿಯ ಲಕ್ಷಣವಾಗಿತ್ತೇ ಹೊರತು ಆತನ ಹೆಸರಾಗಿರಲಿಲ್ಲ.

ಮುಂದೆ ದ್ವೀಪಕ್ಕೆ ಹೊರಗಿನವರು ಬಂದರು, ಹೊರಗಿನ ಸಂಬಂಧಗಳು ಬೆಳೆದವು. ಹುಟ್ಟುಕಿವುಡರು ಕಡಿಮೆಯಾಗುತ್ತಾ ಹೋದರು. ಆ ಪರಂಪರೆಯ ಕೊನೆಯ ಕಿವುಡ ಮಹಿಳೆ 1952ರಲ್ಲಿ ತೀರಿಕೊಂಡರು. ಅವರ ಹಿಂದೆಯೇ ಸುಮಾರು ಇನ್ನೂರೈವತ್ತು ವರ್ಷಗಳ ಒಂದು ಭಾಷೆಯೂ ಮಣ್ಣಾಯಿತು.

ಬಣ್ಣ ಕಾಣದವರ ರಾತ್ರಿ

ಇನ್ನೊಂದು ದ್ವೀಪ ಪೆಸಿಫಿಕ್ ಸಾಗರದ ನಡುವೆ, ಮೈಕ್ರೊನೇಷ್ಯಾದಲ್ಲಿದೆ. ಹೆಸರು ಪಿಂಗೆಲಾಪ್. ಎರಡು ಚದರ ಕಿಲೋಮೀಟರಿಗೂ ಕಡಿಮೆ ನೆಲ. 1775ರ ಸುಮಾರಿಗೆ ಒಂದು ಭೀಕರ ಚಂಡಮಾರುತ ಈ ದ್ವೀಪವನ್ನು ಗುಡಿಸಿ ಹಾಕಿತು. ಸಮುದ್ರದ ಹೊಡೆತಕ್ಕೆ, ಅನಂತರದ ಹಸಿವಿಗೆ ಹೆಚ್ಚುಕಡಿಮೆ ಇಡೀ ಜನಸಂಖ್ಯೆ ಬಲಿಯಾಗಿ ಸುಮಾರು ಇಪ್ಪತ್ತು ಮಂದಿ ಉಳಿದರು. ಅವರಲ್ಲಿ ದ್ವೀಪದ ದೊರೆಯೂ ಒಬ್ಬ. ಈ ಬೆರಳೆಣಿಕೆಯ ಜನರಿಂದಲೇ ದ್ವೀಪ ಮತ್ತೆ ತುಂಬಿತು. ಕೆಲವು ತಲೆಮಾರಿನ ಬಳಿಕ ಒಂದು ಬಗೆಯ ಮಕ್ಕಳು ಹುಟ್ಟತೊಡಗಿದರು. ಬೆಳಕಿಗೆ ಕಣ್ಣು ತೆರೆಯಲಾರರು, ಕಣ್ಣುಗುಡ್ಡೆ ಸದಾ ಅದುರುತ್ತಿರುತ್ತದೆ, ಬಣ್ಣವೆಂಬುದೇ ತಿಳಿಯದು. ದ್ವೀಪದವರು ಇದನ್ನು 'ಮಸ್ಕುನ್' ಎಂದರು. ಕಾಣದಿರುವುದು ಎಂದು ಅದರ ಅರ್ಥ.

ನಮ್ಮ ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಶಂಕುಗಳು ಹಗಲಿನ ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುತ್ತವೆ. ಕಡ್ಡಿಯಾಕಾರದ ಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಮಸ್ಕುನ್ ಇರುವವರಲ್ಲಿ ಶಂಕುಗಳು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಹಗಲಿಡೀ ಅವರು ರಾತ್ರಿಯ ಕಣ್ಣಿನಿಂದಲೇ ನೋಡಬೇಕು. ಆ ಕಣ್ಣಿಗೋ ಬಿಸಿಲೆಂದರೆ ಕುರುಡಾಗಿಸುವ ಬಿಳುಪು. ಜಗತ್ತಿನ ಬೇರೆಡೆ ಮೂವತ್ತು ನಲವತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣುವ ಈ ದೋಷ ಪಿಂಗೆಲಾಪಿನಲ್ಲಿ ನೂರಕ್ಕೆ ಐದರಿಂದ ಹತ್ತು ಜನರಲ್ಲಿದೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿಗಳು 2000ದಲ್ಲಿ ಗುರುತಿಸಿದರು.

1994ರಲ್ಲಿ ನರವೈದ್ಯ ಆಲಿವರ್ ಸ್ಯಾಕ್ಸ್ ಈ ದ್ವೀಪಕ್ಕೆ ಹೋದರು. ಜೊತೆಯಲ್ಲಿ ನಾರ್ವೆಯ ವಿಜ್ಞಾನಿ ಕ್ನುಟ್ ನೋರ್ಡ್‌ಬಿ ಇದ್ದರು. ಹುಟ್ಟಿನಿಂದಲೇ ಬಣ್ಣ ಕಾಣದ ನೋರ್ಡ್‌ಬಿ ದೃಷ್ಟಿಯ ಕುರಿತೇ ಸಂಶೋಧನೆ ಮಾಡುತ್ತಿದ್ದವರು. ಅವರು ಅಲ್ಲಿ ಕಂಡದ್ದು ಕೇವಲ ಒಂದು ಕೊರತೆಯನ್ನಲ್ಲ. ಮಸ್ಕುನ್ ಇರುವವರು ಮುಸ್ಸಂಜೆಯಲ್ಲಿ, ಬೆಳುದಿಂಗಳಲ್ಲಿ ಎಲ್ಲರಂತೆ, ಕೆಲವೊಮ್ಮೆ ಎಲ್ಲರಿಗಿಂತ ಚೆನ್ನಾಗಿ ಓಡಾಡುತ್ತಿದ್ದರು. ರಾತ್ರಿಯ ಮೀನು ಬೇಟೆಯಲ್ಲಿ ಅವರು ಪಳಗಿದ ಕೈ. ಮಂದ ಬೆಳಕಿನ ಗುಡಿಸಲೊಳಗೆ ಕೂತು ಚಾಪೆ ನೇಯುವವರು ಬಣ್ಣದ ಬದಲು ಹೊಳಪಿನ ಏರಿಳಿತದಿಂದಲೇ ವಿನ್ಯಾಸ ಮೂಡಿಸುತ್ತಿದ್ದರು. ಬಾಳೆಹಣ್ಣು ಮಾಗಿದೆಯೇ ಎಂದು ತಿಳಿಯಲು ಹಳದಿ ಬಣ್ಣವೇ ಬೇಕೆಂದಿಲ್ಲ. ಒತ್ತಿ ನೋಡಿದರೆ, ಮೂಸಿ ನೋಡಿದರೆ ತಿಳಿಯುತ್ತದೆ. ಒಂದು ಇಂದ್ರಿಯ ಹಿಂದೆ ಸರಿದಾಗ ಬೇರೆ ಇಂದ್ರಿಯಗಳೂ ಅನುಭವವೂ ನೆನಪೂ ಆ ಜಾಗವನ್ನು ತುಂಬುತ್ತವೆ.

ಕಿವುಡರ ವಿಷಯದಲ್ಲೂ ಹೀಗೆಯೇ. ಸನ್ನೆ ಭಾಷೆಯಲ್ಲೇ ಬೆಳೆದ ಹುಟ್ಟುಕಿವುಡರು ಕಣ್ಣಿನ ಅಂಚಿನಲ್ಲಿ ನಡೆಯುವ ಚಲನೆಯನ್ನು ಹೆಚ್ಚು ಚುರುಕಾಗಿ ಗುರುತಿಸುತ್ತಾರೆ ಎಂಬುದನ್ನು ಅಮೆರಿಕದ ವಿಜ್ಞಾನಿ ಹೆಲೆನ್ ನೆವಿಲ್ 1980ರ ದಶಕದಲ್ಲಿ ತೋರಿಸಿದರು. ಆದರೆ ಇದನ್ನು ಪವಾಡದಂತೆ ಹೇಳಿಕೊಂಡು ಸುಮ್ಮನಾಗುವುದು ತಪ್ಪು. ಪಿಂಗೆಲಾಪಿನ ಅದೇ ಮಕ್ಕಳು ಹಗಲು ಶಾಲೆಯಲ್ಲಿ ಕರಿಹಲಗೆ ಓದಲಾಗದೆ ಹಿಂದುಳಿಯುತ್ತಿದ್ದರು. ಸ್ಯಾಕ್ಸ್ ಮತ್ತು ಸಂಗಡಿಗರು ಕೊಂಡೊಯ್ದ ಕಪ್ಪು ಕನ್ನಡಕಗಳು ಅವರಿಗೆ ದೊಡ್ಡ ಉಪಕಾರ ಮಾಡಿದವು. ದೇಹ ತನ್ನಿಂದಾದಷ್ಟು ಹೊಂದಿಕೊಳ್ಳುತ್ತದೆ. ಉಳಿದದ್ದನ್ನು ಸಮಾಜವೇ ಮಾಡಬೇಕು.

ನೆಗೆವ್ ಮರುಭೂಮಿಯ ಅಲ್ ಸಯ್ಯಿದ್

ಮೂರನೆಯ ಕಥೆ ಮುಸ್ಲಿಮ್ ಸಮುದಾಯದ್ದು. ಸುಮಾರು ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಿಂದ ಒಬ್ಬಾತ ಫೆಲೆಸ್ತೀನಿನ ದಕ್ಷಿಣಕ್ಕಿರುವ ನೆಗೆವ್ ಮರುಭೂಮಿಗೆ ಬಂದು, ಸ್ಥಳೀಯ ಹೆಣ್ಣನ್ನು ಮದುವೆಯಾಗಿ ನೆಲೆಸಿದ. ಅವನ ಐವರು ಗಂಡುಮಕ್ಕಳಿಂದ ಬೆಳೆದದ್ದೇ ಅಲ್ ಸಯ್ಯಿದ್ ಎಂಬ ಬದವಿ ಸಮುದಾಯ. ಹೊರಗಿನಿಂದ ಬಂದವರೆಂಬ ಕಾರಣಕ್ಕೆ ಸುತ್ತಲಿನ ಬುಡಕಟ್ಟುಗಳೊಡನೆ ಸಂಬಂಧ ಬೆಳೆಸುವುದು ಸುಲಭವಿರಲಿಲ್ಲ. ಮದುವೆಗಳು ಕುಟುಂಬದೊಳಗೇ ನಡೆದವು. ಐದನೆಯ ತಲೆಮಾರಿನಲ್ಲಿ, 1930ರ ದಶಕದ ಸುಮಾರಿಗೆ, ಒಂದೇ ಮನೆಯಲ್ಲಿ ನಾಲ್ವರು ಕಿವುಡ ಮಕ್ಕಳು ಹುಟ್ಟಿದರು. ಈ ಶತಮಾನದ ಆರಂಭದ ಹೊತ್ತಿಗೆ ಸುಮಾರು 3,500 ಜನರ ಆ ಊರಿನಲ್ಲಿ 150ರಷ್ಟು ಕಿವುಡರಿದ್ದರು.

ಅಲ್ಲಿಯೂ ಚಿಲ್‌ಮಾರ್ಕಿನಲ್ಲಿ ನಡೆದುದೇ ನಡೆಯಿತು. ಒಂದು ಊರಿನ ವಾರ್ತೆ ಇನ್ನೊಂದು ಊರಿಗೆ ತಲುಪಿರಲಿಲ್ಲ. ಆದರೂ ಮನುಷ್ಯರು ಒಂದೇ ದಾರಿ ಹಿಡಿದರು. ಅಕ್ಕತಂಗಿಯರು, ದೊಡ್ಡಪ್ಪ ಚಿಕ್ಕಪ್ಪಂದಿರು, ನೆರೆಹೊರೆಯವರು ಎಲ್ಲ ಸೇರಿ ಸನ್ನೆಗಳನ್ನು ಕಟ್ಟಿದರು. ಗಂಡಸು ಎನ್ನಲು ಮೀಸೆ ತಿರುವಿದಂತೆ ಒಂದು ಸನ್ನೆ. ಅಂಥ ಮೀಸೆಯ ಗಂಡಸರು ಊರಲ್ಲಿ ಕಡಿಮೆಯಾದ ಮೇಲೂ ಸನ್ನೆ ಮಾತ್ರ ಉಳಿಯಿತು.

ಹೈಫಾ ವಿಶ್ವವಿದ್ಯಾನಿಲಯದ ವೆಂಡಿ ಸ್ಯಾಂಡ್ಲರ್, ಇರಿತ್ ಮೈರ್, ಅಮೆರಿಕದ ಮಾರ್ಕ್ ಅರೊನಾಫ್ ಮತ್ತು ಸ್ವತಃ ಕಿವುಡರಾಗಿರುವ ಕ್ಯಾರಲ್ ಪ್ಯಾಡನ್ ಈ ಭಾಷೆಯನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಅವರ ಸಂಶೋಧನೆ ಭಾಷಾವಿಜ್ಞಾನದ ವಲಯದಲ್ಲಿ ಸಂಚಲನ ಉಂಟುಮಾಡಿತು. ಈ ಸನ್ನೆ ಭಾಷೆಯ ವಾಕ್ಯದಲ್ಲಿ ಮೊದಲು ಕರ್ತೃ, ಅನಂತರ ಕರ್ಮ, ಕೊನೆಗೆ ಕ್ರಿಯಾಪದ. ಊರಿನವರ ಆಡುಮಾತಾದ ಅರಬಿಯಲ್ಲಿ ಈ ಕ್ರಮವಿಲ್ಲ. ಹೀಬ್ರೂವಿನಲ್ಲೂ ಇಲ್ಲ, ಇಸ್ರೇಲಿನ ಸನ್ನೆ ಭಾಷೆಯಲ್ಲೂ ಇಲ್ಲ. ಕನ್ನಡಿಗರಿಗೆ ಮಾತ್ರ ಇದು ಪರಿಚಿತ. 'ಹುಡುಗಿ ಹಣ್ಣು ಕೊಟ್ಟಳು' ಎನ್ನುವ ನಮ್ಮ ಕ್ರಮವೇ ಅದು. ಅಂದರೆ ಆ ಮರುಭೂಮಿಯ ಕಿವುಡ ಮಕ್ಕಳು ಸುತ್ತಲಿನ ಯಾವ ಭಾಷೆಯನ್ನೂ ನಕಲು ಮಾಡಿರಲಿಲ್ಲ. ಒಂದೆರಡು ತಲೆಮಾರಿನೊಳಗೆ ತಮ್ಮದೇ ವ್ಯಾಕರಣ ಕಟ್ಟಿಕೊಂಡಿದ್ದರು. ಸನ್ನೆ ಭಾಷೆಯೆಂದರೆ ಮಾತು ಬಾರದವರ ಅರೆಬರೆ ಅಭಿನಯ ಎಂಬ ಹಳೆಯ ತಿರಸ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ಈ ಭಾಷೆಯೂ ಈಗ ಅಪಾಯದಲ್ಲಿದೆ. ಕಿವುಡ ಮಕ್ಕಳು ಹೊರಗಿನ ಶಾಲೆಗೆ ಹೋಗಿ ಅಲ್ಲಿನ ಸನ್ನೆ ಭಾಷೆಯ ಪದಗಳನ್ನು ತರುತ್ತಾರೆ. ಕಿವಿಯೊಳಗೆ ಅಳವಡಿಸುವ ಉಪಕರಣಗಳು ಬಂದಿವೆ. ಶಾಲೆಯಿಂದ ಮಕ್ಕಳಿಗೆ ಓದು, ಉದ್ಯೋಗ ದೊರೆತದ್ದು ನಿಜ. ಆದರೆ ಕೇಳಬಲ್ಲ ಅಜ್ಜಿಗೂ ಕಿವುಡ ಮೊಮ್ಮಗನಿಗೂ ನಡುವೆ ಇದ್ದ ಭಾಷೆ ತೆಳುವಾಗುತ್ತಾ ಹೋಗುವುದೂ ಅಷ್ಟೇ ನಿಜ.

ಕಾನೂನು ಏನೆಂದಿತು?

ಸನ್ನೆಗೆ ಮಾತಿನ ಗೌರವ ಕೊಡುವ ಪ್ರಶ್ನೆ ಇತಿಹಾಸದಲ್ಲಿ ಹೊಸದಲ್ಲ. 6ನೇ ಶತಮಾನದ ರೋಮನ್ ಚಕ್ರವರ್ತಿ ಜಸ್ಟೀನಿಯನ್ನನ ಕಾನೂನು, ಹುಟ್ಟಿನಿಂದ ಕಿವುಡನೂ ಮೂಗನೂ ಆದವನಿಗೆ ಉಯಿಲು ಬರೆಯುವ ಹಕ್ಕನ್ನೇ ನಿರಾಕರಿಸಿತ್ತು. ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರು ಬೇರೆ ದಾರಿ ಹಿಡಿದರು. ಮೂಗನ ಸ್ಪಷ್ಟವಾದ ಸನ್ನೆಯಿಂದ ನಿಕಾಹ್, ವ್ಯಾಪಾರ, ದಾನ ನಡೆಯುತ್ತದೆ ಎಂದರು. 1869ರಿಂದ 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯ ಹನಫಿ ಕಾನೂನನ್ನು 'ಮಜಲ್ಲಾ' ಎಂಬ ಹೆಸರಲ್ಲಿ ಕ್ರೋಡೀಕರಿಸಿದಾಗ ಅದರ 70ನೆಯ ವಿಧಿಯಲ್ಲಿ ಮೂಗನ ರೂಢಿಯ ಸನ್ನೆಯು ಬಾಯಿಮಾತಿಗೆ ಸಮಾನ ಎಂಬ ತತ್ವವನ್ನು ಬರೆದಿಟ್ಟಿತು. ನೆಗೆವ್ ಆಗ ಉಸ್ಮಾನಿಯಾ ಆಳ್ವಿಕೆಯಲ್ಲೇ ಇತ್ತು. ಹಾಗೆಂದು ಎಲ್ಲವೂ ಸರಿಯಿತ್ತೆಂದು ಹೇಳುವಂತಿಲ್ಲ. ಮೂಗನ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ಒಪ್ಪುವ ವಿಷಯದಲ್ಲಿ ಹನಫಿ ವಿದ್ವಾಂಸರು ಬಿಗಿಯಾಗಿಯೇ ಇದ್ದರು.

ಇಸ್ತಾಂಬುಲಿನ ತೋಪ್‌ಕಪಿ ಅರಮನೆಯಲ್ಲಿ ಕಿವುಡ ಮೂಗರ ಒಂದು ತಂಡವೇ ಇತ್ತು. ಸುಲ್ತಾನನ ಮುಂದೆ ಗಟ್ಟಿಯಾಗಿ ಮಾತಾಡುವುದು ಅಗೌರವವೆಂದು ಅರಮನೆಯ ಸೇವಕರೂ ಅವರಿಂದ ಸನ್ನೆ ಭಾಷೆ ಕಲಿಯುತ್ತಿದ್ದರು. 17ನೇ ಶತಮಾನದಲ್ಲಿ ಆ ಅರಮನೆಯಲ್ಲಿದ್ದ ಸಂಗೀತಗಾರ ಅಲೀ ಉಫ್ಕಿ ಇದನ್ನು ವರ್ಣಿಸಿದ್ದಾನೆ. ಗುಟ್ಟಿನ ಮರಣದಂಡನೆಗಳಿಗೂ ಇವರನ್ನೇ ಬಳಸುತ್ತಿದ್ದರು ಎಂಬ ಕರಾಳ ಮುಖವೂ ಅದಕ್ಕಿದೆ. ಆದರೂ ಸನ್ನೆಯನ್ನು ಗಣ್ಯರು ಕಲಿತು ಆಡಿದ ಕಾಲವೊಂದಿತ್ತು ಎಂಬುದು ಗಮನಾರ್ಹ.

ಇದೇ ಹೊತ್ತಿಗೆ ಯುರೋಪು ಎತ್ತ ಸಾಗಿತು ನೋಡಿ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡರ ಶಾಲೆಗಳಲ್ಲಿ ಬಾಯಿಮಾತೇ ಶ್ರೇಷ್ಠ, ಸನ್ನೆ ಬೇಡ ಎಂದು ನಿರ್ಣಯಿಸಿತು. ಅನಂತರ ದಶಕಗಳ ಕಾಲ ಸನ್ನೆ ಮಾಡಿದ ಮಕ್ಕಳ ಕೈಗೆ ಶಾಲೆಗಳಲ್ಲಿ ಶಿಕ್ಷೆ ಬಿತ್ತು. ಬೆಲ್ ಮಂಡಿಸಿದಂಥ ತಳಿ ಶುದ್ಧೀಕರಣದ ವಿಚಾರಗಳು ಬೆಳೆಯುತ್ತಾ ಹೋದವು. ಬೆಲ್ ಕಾನೂನಿನ ಬಲಾತ್ಕಾರವನ್ನು ಬಯಸಿರಲಿಲ್ಲ, ನಿಜ. ಆದರೆ ಬಯಸಿದವರು ಹಿಂದೆಯೇ ಬಂದರು. 1933ರ ಜುಲೈ 14ರಂದು ಹಿಟ್ಲರನ ಸರಕಾರ ಅಂಗೀಕರಿಸಿದ ಕಾನೂನಿನ ಪಟ್ಟಿಯಲ್ಲಿ ಅನುವಂಶೀಯ ಕಿವುಡುತನವೂ ಕುರುಡುತನವೂ ಇದ್ದವು. ಆ ಕಾನೂನಿನಡಿ ಸುಮಾರು ನಾಲ್ಕು ಲಕ್ಷ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಅವರಲ್ಲಿ ಸಾವಿರಾರು ಕಿವುಡರಿದ್ದರು. ಒಂದೇ ವಂಶವಾಹಿ, ಎರಡು ಸಮಾಜ. ಒಂದು ಕಡೆ ಊರೇ ಭಾಷೆ ಕಲಿಯಿತು. ಇನ್ನೊಂದು ಕಡೆ ಸರಕಾರ ಕತ್ತರಿ ಹಿಡಿಯಿತು.

ನಮ್ಮ ಮನೆಯಂಗಳದ ಪ್ರಶ್ನೆ

ಇದೆಲ್ಲ ದೂರದ ಕಥೆಯೆಂದು ಓದಿ ಮಡಚಿಡುವಂತಿಲ್ಲ. ಜಮ್ಮುವಿನ ದೋಡಾ ಜಿಲ್ಲೆಯ ಗುಡ್ಡದ ಮೇಲೆ ಧಡ್‌ಕಾಯಿ ಎಂಬ ಗುಜ್ಜರ್ ಮುಸ್ಲಿಮರ ಹಳ್ಳಿಯಿದೆ. ತಲೆಮಾರುಗಳಿಂದ ಹತ್ತಾರು ಮಂದಿ ಅಲ್ಲಿ ಹುಟ್ಟುಕಿವುಡರಾಗಿ ಹುಟ್ಟುತ್ತಿದ್ದಾರೆ. ಅಲ್ಲಿಯೂ ಕುಟುಂಬದೊಳಗಿನ ಮದುವೆಯೇ ರೂಢಿ, ಅಲ್ಲಿಯೂ ಊರವರು ಸನ್ನೆಯಲ್ಲಿ ಮಾತಾಡುತ್ತಾರೆ.

ಕರ್ನಾಟಕದಲ್ಲೋ? 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯ ಜೊತೆಗೆ ನಡೆದ ದೊಡ್ಡ ಅಧ್ಯಯನವು ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗೆ ಆದವೆಂದು ಕಂಡುಕೊಂಡಿತು. ಇದರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅಕ್ಕನ ಮಗಳನ್ನು ಮದುವೆಯಾಗುವ ಸೋದರಮಾವ ಹಿಂದೂಗಳಲ್ಲಿ ಸಾಮಾನ್ಯ. ಮುಸ್ಲಿಮರಲ್ಲಿ ಅದು ಹರಾಮ್, ಆದರೆ ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅತ್ತೆಯರ ಮಕ್ಕಳ ನಡುವೆ ಮದುವೆಗೆ ಅನುಮತಿಯಿದೆ. ಅನುಮತಿಯಿದೆ ಎಂದರೆ ಆದೇಶವಿದೆ ಎಂದಲ್ಲ. ಯಾವುದೇ ದಂಪತಿಗೆ ಹುಟ್ಟುದೋಷವಿರುವ ಮಗು ಜನಿಸುವ ಸಂಭವ ನೂರಕ್ಕೆ ಎರಡು ಮೂರು ಇದ್ದರೆ, ದಾಯಾದಿ ಸಂಬಂಧದಲ್ಲಿ ಅದಕ್ಕೆ ಇನ್ನೂ ಎರಡು ಮೂರು ಕೂಡುತ್ತದೆ. ಎಲ್ಲರ ಮಕ್ಕಳೂ ರೋಗಿಗಳಾಗುತ್ತಾರೆಂಬ ಭಯ ಸುಳ್ಳು. ಏನೂ ಆಗುವುದಿಲ್ಲವೆಂಬ ಧೈರ್ಯವೂ ಸುಳ್ಳು. ಕುಟುಂಬದಲ್ಲಿ ಈಗಾಗಲೇ ಹುಟ್ಟುಕಿವುಡರೋ ದೃಷ್ಟಿದೋಷವಿರುವವರೋ ಇದ್ದರೆ ಸಂಬಂಧ ಕುದುರಿಸುವ ಮೊದಲು ತಜ್ಞ ವೈದ್ಯರ ಸಲಹೆ ಪಡೆಯುವುದು ವಿವೇಕ. ಇದನ್ನು ಹೇಳಲು ಜಮಾಅತ್‌ಗಳು ಹಿಂಜರಿಯಬೇಕಾಗಿಲ್ಲ.

ಆದರೆ ಹುಟ್ಟಿರುವ ಮಗುವಿನ ಮಾತೇನು? ಮುಂದಿನ ಮಗುವಿನ ಬಗ್ಗೆ ಎಚ್ಚರ ಹೇಳುವ ನಾಲಗೆಯೇ ಈಗಿರುವ ಮಗುವನ್ನು ಹೆತ್ತವರ ತಪ್ಪಿನ ಶಿಕ್ಷೆಯೆಂದು ಕರೆಯುವುದುಂಟು. ಪವಿತ್ರ ಕುರ್‌ಆನಿನ 'ಅಬಸ' ಅಧ್ಯಾಯವು ಅವತೀರ್ಣವಾದ ಹಿನ್ನೆಲೆ ನಮಗೆಲ್ಲ ಗೊತ್ತಿದೆ. ಖುರೈಶ್ ಮುಖಂಡರ ಜೊತೆ ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ನಡುವೆ ಬಂದರು. ಆ ಗಳಿಗೆಯ ಅಲಕ್ಷ್ಯಕ್ಕಾಗಿ ಸ್ವತಃ ಪ್ರವಾದಿ ಮುಹಮ್ಮದ್(ಸ)ರನ್ನೇ ಅಲ್ಲಾಹನು ಎಚ್ಚರಿಸಿದನು. ಅದೇ ಇಬ್ನು ಉಮ್ಮಿ ಮಕ್ತೂಮ್ ಮುಂದೆ ಬಿಲಾಲ್(ರ)ರ ಜೊತೆ ಮದೀನದ ಮುಅದ್ದಿನ್ ಆದರು. ಪ್ರವಾದಿಯವರು ಊರಿನಿಂದ ಹೊರಗೆ ಹೋದಾಗ ಹಲವು ಸಲ ಮದೀನದ ಹೊಣೆಯನ್ನು ಅವರಿಗೇ ವಹಿಸಿದರು. ಅನುಕಂಪ ತೋರಿಸಿ ಮೂಲೆಯಲ್ಲಿ ಕೂರಿಸಲಿಲ್ಲ, ಜವಾಬ್ದಾರಿ ಕೊಟ್ಟರು.

ನಮ್ಮಲ್ಲಿ ಕಾನೂನು ಸಾಕಷ್ಟು ಮುಂದೆ ಬಂದಿದೆ. 2015ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸುವ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ಆದರೆ ಕಾನೂನು ಮನೆಯ ಜಗಲಿಗೆ ಬಂದು ಮಾತಾಡುವುದಿಲ್ಲ. ಕಿವುಡ ಮಗು ಹುಟ್ಟಿದ ಮನೆಯಲ್ಲಿ ಹೆಚ್ಚೆಂದರೆ ತಾಯಿ ನಾಲ್ಕು ಸನ್ನೆ ಕಲಿಯುತ್ತಾಳೆ. ತಂದೆ, ಅಣ್ಣ, ಅಜ್ಜ, ಮದ್ರಸದ ಉಸ್ತಾದರು, ಶಾಲೆಯ ಮೇಷ್ಟ್ರು ಕಲಿಯುವುದಿಲ್ಲ. ಎಲ್ಲರೂ ಮಗುವೇ ತಮ್ಮ ಭಾಷೆಗೆ ಬರಲಿ ಎಂದು ಕಾಯುತ್ತಾರೆ. ಮಗು ಊಟಕ್ಕೆ, ನೀರಿಗೆ ಸನ್ನೆ ಮಾಡುತ್ತದೆ. ಆದರೆ ಕಥೆ ಕೇಳಲು, ಪ್ರಶ್ನೆ ಕೇಳಲು, ಜಗಳವಾಡಲು ಅದಕ್ಕೆ ಭಾಷೆಯೇ ಸಿಗದು. ಆ ಮಗುವಿನ ಬುದ್ಧಿ ಮಂದವೆಂದು ಆಮೇಲೆ ನಾವೇ ತೀರ್ಪು ಕೊಡುತ್ತೇವೆ.

ಚಿಲ್‌ಮಾರ್ಕಿನ ಬೆಸ್ತರು ವಿದ್ಯಾವಂತರಾಗಿರಲಿಲ್ಲ. ಅಲ್ ಸಯ್ಯಿದ್‌ನ ಬದವಿಗಳ ಊರು ಬಹುಕಾಲ ಸರಕಾರದ ಪಟ್ಟಿಯಲ್ಲೇ ಇರಲಿಲ್ಲ. ಅವರ ಬಳಿ ಹಣವಿರಲಿಲ್ಲ, ತಜ್ಞರಿರಲಿಲ್ಲ. ಇದ್ದದ್ದು ಒಂದೇ ತಿಳುವಳಿಕೆ: ಕೇಳಲಾಗದವನು ಕೇಳುವುದನ್ನು ಕಲಿಯಲಾರ, ಆದರೆ ಕೇಳಬಲ್ಲವನು ಕೈಯಲ್ಲಿ ಮಾತಾಡುವುದನ್ನು ಕಲಿಯಬಲ್ಲ. ಯಾರಿಂದ ಸಾಧ್ಯವೋ ಅವರು ಒಂದು ಹೆಜ್ಜೆ ಮುಂದೆ ಬರಬೇಕು. ನಮ್ಮ ಮೊಹಲ್ಲಾಗಳಲ್ಲಿ ಆ ಹೆಜ್ಜೆಯನ್ನು ಮೊದಲು ಇಡುವವರು ಯಾರು?